ವಿಲ್ಲೆಮ್ ಬಾರೆಂಟ್ಸ್ ಮತ್ತು ಉತ್ತರದ ಸಮುದ್ರದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಭೂಪಟದ ನೆತ್ತಿಯಲ್ಲಿ, ನಾರ್ವೆ ಮತ್ತು ರಷ್ಯಾಗಳ ಉತ್ತರಕ್ಕೆ, ಬಾರೆಂಟ್ಸ್ ಸಮುದ್ರ ಎಂಬ ಹೆಸರು ಕಾಣುತ್ತದೆ. ಆ ಹೆಸರಿನ ಮನುಷ್ಯ ಚೀನಾಕ್ಕೆ ದಾರಿ ಹುಡುಕಿಕೊಂಡು ಮೂರು ಸಲ ಉತ್ತರಕ್ಕೆ ಹೊರಟ. ಮೂರು ಸಲವೂ ದಾರಿ ಸಿಗಲಿಲ್ಲ, ಮೂರನೆಯ ಸಲ ಅವನೇ ಮರಳಲಿಲ್ಲ. ಆದರೂ 400 ವರ್ಷಗಳಾಚೆ ಅವನ ಕಥೆಯನ್ನು ಜನ ಕೇಳುತ್ತಾರೆ. ಅದಕ್ಕೆ ಕಾರಣ ಅವನಿಗಿಂತ ಹೆಚ್ಚಾಗಿ, ಅದೇ ಹಡಗಿನಲ್ಲಿ ಕೂತು ದಿನಚರಿ ಬರೆದಿಟ್ಟ ಗೆರಿಟ್ ದೆ ವೇರ್ ಎಂಬವನು. ತನಗೆ ಅರ್ಥವಾಗದ್ದನ್ನೂ ಅವನು ಕಂಡಂತೆ ಬರೆದ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಅವನ ಕೃಪೆ.

ಈ ಬಾರೆಂಟ್ಸ್ ಯಾರು?

ಹಾಲೆಂಡಿನ ಉತ್ತರಕ್ಕಿರುವ ಟೆರ್ಸ್‌ಖೆಲಿಂಗ್ ಎಂಬ ದ್ವೀಪದವನು, ಸುಮಾರು 1550ರಲ್ಲಿ ಹುಟ್ಟಿದವನು. ಹಡಗು ನಡೆಸುವುದರ ಜೊತೆಗೆ ನಕ್ಷೆ ಬರೆಯುವುದೂ ಅವನ ಕಸುಬು. ಮೆಡಿಟರೇನಿಯನ್ ಸಮುದ್ರದ ನಕ್ಷೆಗಳ ಪುಸ್ತಕವೊಂದು ಅವನ ಹೆಸರಿನಲ್ಲಿದೆ. ಬಿಸಿಲಿನ ಸಮುದ್ರ ಬಲ್ಲವನು ಹಿಮದ ಸಮುದ್ರದಲ್ಲಿ ಹೆಸರು ಮಾಡಿದ.

ಇನ್ನೊಂದು ಮಾತು. ಬಾರೆಂಟ್ಸ್ ಅಂದರೆ ಮನೆತನದ ಹೆಸರಲ್ಲ, 'ಬಾರೆಂಟ್‌ನ ಮಗ' ಎಂಬುದರ ಮೊಟಕು ರೂಪ. ನಾವು ಹೆಸರಿನ ಮುಂದೆ ಅಪ್ಪನ ಇನಿಶಿಯಲ್ ಹಾಕುವ ಹಾಗೆ. ಆ ಲೆಕ್ಕದಲ್ಲಿ ನೋಡಿದರೆ ಸಮುದ್ರಕ್ಕೆ ಸಿಕ್ಕಿದ್ದು ಅಪ್ಪನ ಹೆಸರು!

ಚೀನಾಕ್ಕೆ ಹೋಗಲು ಉತ್ತರ ಧ್ರುವದ ಕಡೆಗೆ ಯಾಕೆ ಹೊರಟರು?

ಮೆಣಸಿಗಾಗಿ, ಮತ್ತು ಪೋರ್ಚುಗೀಸರ ಕಣ್ಣು ತಪ್ಪಿಸಲಿಕ್ಕಾಗಿ. ಆಫ್ರಿಕಾ ಸುತ್ತಿ ಪೂರ್ವಕ್ಕೆ ಬರುವ ದಾರಿ ಪೋರ್ಚುಗೀಸರ ಹಿಡಿತದಲ್ಲಿತ್ತು. ಅಲ್ಲಿಯವರೆಗೆ ಡಚ್ಚರು ಲಿಸ್ಬನ್‌ಗೆ ಹೋಗಿ ಮೆಣಸು, ಲವಂಗ ಕೊಂಡು ತಂದು ಉತ್ತರ ಯುರೋಪಿನಲ್ಲಿ ಮಾರಿ ಬದುಕುತ್ತಿದ್ದರು. 1580ರಲ್ಲಿ ಸ್ಪೇನಿನ ದೊರೆ ಎರಡನೆಯ ಫಿಲಿಪ್ ಪೋರ್ಚುಗಲ್ಲನ್ನೂ ತನ್ನ ಕೈಗೆ ತೆಗೆದುಕೊಂಡ. ಅದೇ ಫಿಲಿಪ್‌ನ ವಿರುದ್ಧ ಡಚ್ಚರು ದಂಗೆ ಎದ್ದಿದ್ದರು. ಇನ್ನು ಲಿಸ್ಬನ್ ವ್ಯಾಪಾರಕ್ಕೆ ನೆಲೆ ಎಲ್ಲಿ?

ಆಮ್‌ಸ್ಟರ್‌ಡಾಮ್‌ನಲ್ಲಿ ಗೋಳವನ್ನು ಮುಂದಿಟ್ಟುಕೊಂಡು ದಾರ ಹಿಡಿದು ಅಳೆದು ನೋಡಿ. ಆಫ್ರಿಕಾ ಸುತ್ತುವುದಕ್ಕಿಂತ ರಷ್ಯಾದ ನೆತ್ತಿಯ ಮೇಲೆ ಹಾದು ಚೀನಾ ಸೇರುವುದು ಎಷ್ಟೋ ಹತ್ತಿರ. ದಾರಕ್ಕೆ ಮಂಜುಗಡ್ಡೆ ಅಡ್ಡ ಬರುವುದಿಲ್ಲ, ಅಷ್ಟೇ.

ಅಲ್ಲಿ ಸಮುದ್ರ ಹೆಪ್ಪುಗಟ್ಟಿರುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲವೇ?

ತಿಳಿದಿತ್ತು. ಆದರೆ ದಡದ ಹತ್ತಿರ ಮಾತ್ರ ಹಾಗೆ ಎಂದುಕೊಂಡಿದ್ದರು. ಈ ಯಾನಗಳ ತಲೆ ಪೆಟ್ರಸ್ ಪ್ಲಾನ್ಸಿಯಸ್. ಕಸುಬಿನಲ್ಲಿ ಪಾದ್ರಿ, ಹುಚ್ಚು ಭೂಗೋಳದ್ದು. ಮಂಜುಗಡ್ಡೆ ಹುಟ್ಟುವುದು ನದಿಗಳು ತಂದು ಸುರಿಯುವ ಸಿಹಿನೀರಿನಿಂದ, ದಡ ಬಿಟ್ಟು ಆಳದ ಉಪ್ಪುನೀರಿಗೆ ಹೋದರೆ ಹಾದಿ ತೆರೆದಿರುತ್ತದೆ, ಅದರ ಮೇಲೆ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಸೂರ್ಯ ಮುಳುಗುವುದೇ ಇಲ್ಲವಾದ್ದರಿಂದ ಧ್ರುವದ ಹತ್ತಿರ ಚಳಿಯೂ ಕಡಿಮೆ ಇರಬೇಕು, ಎಂಬುದು ಆ ಕಾಲದ ವಾದ.

ನಗಬೇಡಿ. ಕೂತು ಯೋಚಿಸಿದರೆ ತರ್ಕ ಸರಿಯಾಗಿಯೇ ಇದೆ. ಉಪ್ಪುನೀರೂ ಸೊನ್ನೆಗಿಂತ ಸುಮಾರು 1.8 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ, ಓರೆಯಾಗಿ ಬೀಳುವ ಬಿಸಿಲಿನ ಬಹುಪಾಲನ್ನು ಬಿಳಿ ಮಂಜು ಹಿಂದಕ್ಕೆ ಎಸೆಯುತ್ತದೆ ಎಂಬುದನ್ನು ಅಲ್ಲಿಗೆ ಹೋಗಿಯೇ ಕಲಿಯಬೇಕಿತ್ತು.

ಇವರೇ ಮೊದಲಿಗರೇ?

ಅಲ್ಲ. 1553ರಲ್ಲೇ ಇಂಗ್ಲಿಷರು ಹೊರಟಿದ್ದರು. ಹ್ಯೂ ವಿಲ್ಲೋಬಿ ಮತ್ತು ಅವನ ಜೊತೆಗಾರರು ರಷ್ಯಾದ ವಾಯವ್ಯ ಮೂಲೆಯ ಕೋಲಾ ಕರಾವಳಿಯಲ್ಲಿ ಚಳಿಗಾಲಕ್ಕೆ ಸಿಕ್ಕಿ ಎಲ್ಲರೂ ಸತ್ತರು. ಬೇರೆಯಾದ ಹಡಗಿನಲ್ಲಿದ್ದ ರಿಚರ್ಡ್ ಚಾನ್ಸಲರ್ ಬಿಳಿ ಸಮುದ್ರ ಸೇರಿ, ಅಲ್ಲಿಂದ ಮಾಸ್ಕೋಗೆ ಹೋಗಿ, ತ್ಸಾರ್ ನಾಲ್ಕನೆಯ ಇವಾನನನ್ನು ಕಂಡು ವ್ಯಾಪಾರ ಕುದುರಿಸಿಕೊಂಡು ಬಂದ. ಇನ್ನು ಆ ತೀರದಲ್ಲಿ ಬೇಟೆಗೂ ಮೀನಿಗೂ ಓಡಾಡುತ್ತಿದ್ದ ರಷ್ಯನ್ನರು ಇವರೆಲ್ಲರಿಗಿಂತ ಮೊದಲೇ ಅಲ್ಲಿದ್ದವರು. ರಷ್ಯಾದ ಉತ್ತರಕ್ಕೆ ಉದ್ದಕ್ಕೆ ಚಾಚಿರುವ ದ್ವೀಪಗಳ ನೊವಾಯಾ ಝೆಮ್ಲ್ಯಾ ಎಂಬ ಹೆಸರೇ ರಷ್ಯನ್ ಭಾಷೆಯದು. 'ಹೊಸ ನೆಲ' ಎಂದರ್ಥ.

ಮೊದಲ ಎರಡು ಯಾನಗಳಲ್ಲಿ ಏನಾಯಿತು?

1594ರ ಜೂನ್‌ನಲ್ಲಿ ಹೊರಟ ಹಡಗುಗಳು ಎರಡು ದಾರಿ ಹಿಡಿದವು. ಬಾರೆಂಟ್ಸ್ ನೊವಾಯಾ ಝೆಮ್ಲ್ಯಾದ ಪಶ್ಚಿಮ ದಂಡೆ ಹಿಡಿದು ಅದರ ಉತ್ತರದ ತುದಿಯವರೆಗೂ ಹೋದ, ಮಂಜು ತಡೆಯಿತು, ತಿರುಗಿದ. ಉಳಿದವರು ದಕ್ಷಿಣದ ಜಲಸಂಧಿಯಲ್ಲಿ ನುಗ್ಗಿ ಆಚೆ, ಪೂರ್ವ ಬದಿಯ ಕಾರಾ ಸಮುದ್ರ ಮುಟ್ಟಿದರು. ಎದುರಿಗೆ ತೆರೆದ ನೀರು ಕಂಡಿತು. 'ಇನ್ನೇನು, ಚೀನಾ ಸಿಕ್ಕಿತು' ಎಂದುಕೊಂಡು ಊರಿಗೆ ಮರಳಿದರು.

ಮರುವರ್ಷ ಏಳು ಹಡಗು, ಅವುಗಳ ತುಂಬ ಚೀನಾದಲ್ಲಿ ಮಾರುವ ಸರಕು. ಹೋಗಿ ನೋಡಿದರೆ ಅದೇ ಜಲಸಂಧಿ ಮಂಜಿನಿಂದ ಮುಚ್ಚಿಕೊಂಡಿದೆ. ದ್ವೀಪವೊಂದರಲ್ಲಿ ಇಳಿದ ಇಬ್ಬರು ನಾವಿಕರನ್ನು ಹಿಮಕರಡಿ ಕೊಂದಿತು. ಸರಕೆಲ್ಲ ಹೋದ ಹಾಗೆಯೇ ವಾಪಸು ಬಂತು. ಇಷ್ಟಾದ ಮೇಲೆ ಡಚ್ ಸರ್ಕಾರ ಕೈ ತೊಳೆದುಕೊಂಡಿತು: ಇನ್ನು ಖರ್ಚು ಕೊಡುವುದಿಲ್ಲ, ಯಾರಾದರೂ ದಾರಿ ಕಂಡುಹಿಡಿದರೆ 25,000 ಗಿಲ್ಡರ್ ಬಹುಮಾನ ಕೊಡುತ್ತೇವೆ ಎಂದಿತು.

ನಮ್ಮ ಕರಾವಳಿಗೂ ಈ ಕಥೆಗೂ ಏನಾದರೂ ನಂಟಿದೆಯೇ?

ಇದೆ, ಮತ್ತು ಗಟ್ಟಿಯಾದ ನಂಟೇ. ಮೊದಲ ಎರಡು ಯಾನಗಳ ಹಡಗುಗಳಲ್ಲಿ ಯಾನ್ ಹ್ಯೂಘನ್ ವಾನ್ ಲಿನ್ಸ್‌ಕೋಟೆನ್ ಎಂಬವನಿದ್ದ. ಇವನು 1583ರಿಂದ ಐದು ವರ್ಷಕ್ಕೂ ಹೆಚ್ಚು ಕಾಲ ಗೋವಾದಲ್ಲಿ ಪೋರ್ಚುಗೀಸ್ ಆರ್ಚ್‌ಬಿಷಪ್‌ನ ಕಾರಕೂನನಾಗಿದ್ದವನು. ಕಾಗದಪತ್ರ ಬರೆಯುವ ಕೆಲಸ. ಹಾಗಾಗಿ ಕಣ್ಣು, ಕಿವಿ ಎರಡೂ ತೆರೆದಿದ್ದವು. ಯಾವ ಬಂದರಿನಲ್ಲಿ ಏನು ಸಿಗುತ್ತದೆ, ಯಾವ ತಿಂಗಳಲ್ಲಿ ಯಾವ ಗಾಳಿ ಎಂದೆಲ್ಲ ಗುರುತು ಹಾಕಿಕೊಂಡು ಹಾಲೆಂಡಿಗೆ ಮರಳಿದ. ಪೂರ್ವದೇಶಗಳ ಬಗ್ಗೆ ಅವನ ದೊಡ್ಡ ಪುಸ್ತಕ 1596ರಲ್ಲಿ ಹೊರಬಂತು. ಪೋರ್ಚುಗೀಸರ ಬಾಯಲ್ಲಿ ಓನೋರ್, ಬಾರ್ಸೆಲೋರ್ ಆಗಿದ್ದ ಹೊನ್ನಾವರ, ಬಸರೂರು, ಜೊತೆಗೆ ಮಂಗಳೂರು, ಇವೆಲ್ಲ ಅದರಲ್ಲಿ ಬರುತ್ತವೆ. ಹೊನ್ನಾವರದಲ್ಲಿ ಹಡಗೇರುತ್ತಿದ್ದ ಒಳ್ಳೆಮೆಣಸಿನ ಮಾತೂ ಬರುತ್ತದೆ.

ಅಂದರೆ, ಘಟ್ಟದ ಕೆಳಗಿನ ಮೆಣಸಿನ ಬಳ್ಳಿಯನ್ನು ಬಲ್ಲ ಮನುಷ್ಯನೊಬ್ಬ, ಅದೇ ಮೆಣಸಿಗೆ ಹಿಂಬಾಗಿಲು ಹುಡುಕುತ್ತ ರಷ್ಯಾದ ಮಂಜಿನಲ್ಲಿ ತೇಲುತ್ತಿದ್ದ. ಮೂರನೆಯ ಯಾನಕ್ಕೆ ಅವನು ಹೋಗಲಿಲ್ಲ. ಬುದ್ಧಿವಂತ.

ಮೂರನೆಯ ಯಾನದಲ್ಲಿ ಹೇಗೆ ಸಿಕ್ಕಿಹಾಕಿಕೊಂಡರು?

1596ರ ಮೇ ತಿಂಗಳಲ್ಲಿ ಆಮ್‌ಸ್ಟರ್‌ಡಾಮ್ ನಗರದ ಖರ್ಚಿನಲ್ಲಿ ಎರಡು ಹಡಗು ಹೊರಟವು. ಒಂದಕ್ಕೆ ಯಾನ್ ರೈಪ್ ಯಜಮಾನ, ಇನ್ನೊಂದಕ್ಕೆ ಯಾಕೊಬ್ ವಾನ್ ಹೀಮ್ಸ್‌ಕೆರ್ಕ್. ಬಾರೆಂಟ್ಸ್ ಎರಡನೆಯದರಲ್ಲಿ ದಾರಿ ತೋರುವವನು. ಜೂನ್‌ನಲ್ಲಿ ಒಂದು ಪುಟ್ಟ ದ್ವೀಪ ಕಂಡರು. ಅಲ್ಲಿ ಹಿಮಕರಡಿ ಕೊಂದದ್ದರಿಂದ ಅದಕ್ಕೆ ಕರಡಿ ದ್ವೀಪ ಎಂದು ಹೆಸರಿಟ್ಟರು. ಇನ್ನೂ ಉತ್ತರಕ್ಕೆ, ಸುಮಾರು 80 ಡಿಗ್ರಿ ಅಕ್ಷಾಂಶದ ತನಕ ಹೋದಾಗ ಚೂಪು ಚೂಪು ಬೆಟ್ಟಗಳ ನೆಲ ಎದುರಾಯಿತು. 'ಚೂಪು ಬೆಟ್ಟ' ಎಂಬ ಅರ್ಥದ ಸ್ಪಿಟ್ಸ್‌ಬರ್ಗನ್ ಎಂಬ ಹೆಸರು ಅಂದಿನಿಂದ ಬಂದದ್ದು.

ಅಲ್ಲಿ ಹೆಬ್ಬಾತುಗಳು ಮೊಟ್ಟೆಗೆ ಕಾವು ಕೂತಿದ್ದವು. ಇದೇನು ಮಹಾ ಎನ್ನುತ್ತೀರಾ? ಚಳಿಗಾಲದಲ್ಲಿ ಹಾಲೆಂಡಿಗೆ ಬರುವ ಈ ಹಕ್ಕಿಗಳ ಗೂಡನ್ನು ಯುರೋಪಿನವರು ಕಂಡಿರಲೇ ಇಲ್ಲ. ಸ್ಕಾಟ್ಲೆಂಡಿನಲ್ಲಿ ನೀರಿನ ಮೇಲೆ ಬಾಗಿದ ಮರಗಳಲ್ಲಿ ಹಣ್ಣಿನಂತೆ ಬಿಡುತ್ತವೆ ಎಂದೇ ಪಂಡಿತರೂ ನಂಬಿದ್ದರು. ದೆ ವೇರ್ ಮೊಟ್ಟೆಯನ್ನು ಕಣ್ಣಾರೆ ಕಂಡು ಬರೆದ, ಆ ಕಥೆಯ ಬುಡ ಅಲ್ಲಾಡಿತು.

ಮುಂದೆ ಯಾವ ಕಡೆ ಎಂಬಲ್ಲಿ ಜಗಳ. ರೈಪ್ ಮತ್ತೆ ಉತ್ತರಕ್ಕೆ ಹೊರಟ, ಬಾರೆಂಟ್ಸ್ ಪೂರ್ವಕ್ಕೆ. ನೊವಾಯಾ ಝೆಮ್ಲ್ಯಾದ ಉತ್ತರದ ಮೂಲೆಯನ್ನು ಸುತ್ತುವುದರಲ್ಲಿ ಈ ಸಲ ಗೆದ್ದ. ಆದರೆ ಆಚೆ ಬದಿಯಲ್ಲಿ, ಆಗಸ್ಟ್ 26ರಂದು, ಮಂಜು ಹಡಗನ್ನು ಸುತ್ತ ಹಿಡಿದು ಮೇಲಕ್ಕೆತ್ತಿಬಿಟ್ಟಿತು. ಹಡಗಿನಲ್ಲಿದ್ದವರು 17 ಮಂದಿ.

ಅಷ್ಟು ಚಳಿಯಲ್ಲಿ ಬದುಕಿದ್ದು ಹೇಗೆ?

ಅಲ್ಲಿ ಒಂದು ಮರ ಬೆಳೆಯುವುದಿಲ್ಲ. ಆದರೆ ಸೈಬೀರಿಯಾದ ನದಿಗಳು ಕಾಡಿನ ಮರಗಳನ್ನು ಸಮುದ್ರಕ್ಕೆ ತಳ್ಳುತ್ತವೆ, ಅವು ತೇಲಿ ಈ ದಡಕ್ಕೆ ಬಂದು ಬಿದ್ದಿರುತ್ತವೆ. ಬುಡಸಹಿತ ಬಿದ್ದಿದ್ದ ಆ ದಿಮ್ಮಿಗಳನ್ನು ಜಾರುಗಾಡಿಯಲ್ಲಿ ಎಳೆದು ತಂದು, ಹಡಗಿನ ಹಲಗೆಗಳನ್ನೂ ಕಿತ್ತು ಸೇರಿಸಿ ಮನೆ ಕಟ್ಟಿದರು. ಕೆಲಸ ಶುರುವಾಗುವಾಗಲೇ ಬಡಗಿ ಸತ್ತುಹೋದ! ಉಳಿದವರು 16. ಮನೆಯ ಅಳತೆ ಸುಮಾರು 26 ಅಡಿ ಉದ್ದ, 18 ಅಡಿ ಅಗಲ. ನಮ್ಮ 20-30 ಸೈಟಿಗಿಂತ ಚಿಕ್ಕದು. ನಡುವೆ ಒಲೆ, ಮೇಲೆ ಹೊಗೆಗೂಡು, ಗೋಡೆಯ ಉದ್ದಕ್ಕೂ ಮಲಗುವ ಅಟ್ಟಣಿಗೆ, ಮೂಲೆಯಲ್ಲಿ ಸ್ನಾನಕ್ಕೆ ಒಂದು ಮದ್ಯದ ಪೀಪಾಯಿ. ಸ್ನಾನದ ಸಲಹೆ ಹಡಗಿನ ವೈದ್ಯನದು. ಮನೆಗೆ 'ಕಾಪಾಡಿದ ಮನೆ' ಎಂಬ ಅರ್ಥದ ಹೆಸರಿಟ್ಟರು.

ಒಳಗೂ ಮಂಜು ಕಟ್ಟುತ್ತಿತ್ತು. ಗಡಿಯಾರ ನಿಂತಿತು, 12 ಗಂಟೆಯ ಮರಳು ಗಡಿಯಾರವನ್ನು ಮಗುಚಿ ಮಗುಚಿ ದಿನ ಎಣಿಸಿದರು. ಬೆಂಕಿಗೆ ಕಾಲು ಒಡ್ಡಿದರೆ ಬಿಸಿ ತಾಗುವ ಮೊದಲೇ ಕಾಲುಚೀಲ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿತ್ತಂತೆ. ಬಿಯರ್ ಹೆಪ್ಪುಗಟ್ಟಿ ಪೀಪಾಯಿ ಬಿರಿಯಿತು. ಹೆಪ್ಪುಗಟ್ಟದೆ ಉಳಿದ ಚೂರು ದ್ರವದಲ್ಲಿ ಮದ್ಯದ ಸತ್ವವೆಲ್ಲ ಸೇರಿಕೊಂಡು ಕುಡಿಯಲಾಗದಷ್ಟು ಘಾಟು. ಮಂಜನ್ನು ಕರಗಿಸಿದರೆ ಬರೀ ಚಪ್ಪೆ ನೀರು.

ಹೊರಗಿನ ಲೆಕ್ಕವೂ ವಿಚಿತ್ರ. ಸೂರ್ಯ ಇರುವ ತನಕ ಕರಡಿ ಕಾಟ. ಸೂರ್ಯ ಹೋದ ಮೇಲೆ ಕರಡಿಗಳೂ ಕಾಣೆ, ನರಿಗಳು ಬಂದು ಮಾಡಿನ ಮೇಲೆ ಓಡಾಡತೊಡಗಿದವು. ಬಿಳಿ ನರಿಗಳಿಗೆ ಬೋನು ಇಟ್ಟರು. ಮಾಂಸ ಹೊಟ್ಟೆಗೆ, ತುಪ್ಪಳ ಟೋಪಿಗೆ, ಕರಡಿಯ ಕೊಬ್ಬು ದೀಪಕ್ಕೆ. ತಾಜಾ ಮಾಂಸದಲ್ಲಿ ಅಷ್ಟಿಷ್ಟು ವಿಟಮಿನ್ ಸಿ ಇರುತ್ತದೆ. ಉಪ್ಪುಮಾಂಸ, ಒಣ ಬ್ರೆಡ್ಡುಗಳನ್ನೇ ನಂಬಿದ್ದರೆ ಸ್ಕರ್ವಿ ರೋಗ ಇನ್ನೂ ಬೇಗ ಎಲ್ಲರನ್ನೂ ಮುಗಿಸುತ್ತಿತ್ತು.

ಬೆಂಕಿಯೇ ಅವರನ್ನು ಕೊಲ್ಲುತ್ತಿತ್ತಂತೆ, ನಿಜವೇ?

ನಿಜ. 1596ರ ಡಿಸೆಂಬರ್ 7ರಂದು ಚಳಿ ತಡೆಯಲಾಗದೆ ಹಡಗಿನಿಂದ ಕಲ್ಲಿದ್ದಲು ತಂದು ಉರಿಸಿದರು. ಹಾಯಾದ ಶಾಖ. ಅದು ಹೊರಗೆ ಹೋಗದಿರಲಿ ಎಂದು ಬಾಗಿಲು, ಹೊಗೆಗೂಡು ಎರಡನ್ನೂ ಮುಚ್ಚಿ ಮಲಗಿದರು. ಸ್ವಲ್ಪ ಹೊತ್ತಿಗೆ ತಲೆ ಸುತ್ತತೊಡಗಿತು. ಮೊದಲು ಗೊತ್ತಾದದ್ದು ಕಾಯಿಲೆ ಬಿದ್ದವನೊಬ್ಬನಿಗೆ. ಹೇಗೋ ಎದ್ದು ಬಾಗಿಲು ತೆರೆದರು, ತೆರೆದವನು ಹಿಮದ ಮೇಲೆ ಬಿದ್ದ. ದೆ ವೇರ್ ಅವನ ಮುಖಕ್ಕೆ ವಿನಿಗರ್ ಎರಚಿ ಎಬ್ಬಿಸಿದ. ಕೆಂಡದಿಂದ ಏಳುವ ಆ ವಿಷಗಾಳಿಗೆ ಇಂಗಾಲದ ಮೊನಾಕ್ಸೈಡ್ ಎಂಬ ಹೆಸರು ಆಗ ಇರಲಿಲ್ಲ. ಆ ಹೆಸರು ಗೊತ್ತಿರುವ ಕಾಲದಲ್ಲೂ, ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗಿದವರ ಸಾವಿನ ಸುದ್ದಿ ಪ್ರತಿ ಚಳಿಗಾಲ ಪತ್ರಿಕೆಯಲ್ಲಿ ಬರುತ್ತದೆ.

ತಿಂಗಳ ನಂತರ, ಜನವರಿ 6ರ ಕ್ರೈಸ್ತ ಹಬ್ಬವಾದ ಮೂವರು ರಾಜರ ಹಬ್ಬದ ಮುನ್ನಾದಿನ, ಅದೇ ಜನ ಉಳಿಸಿಟ್ಟ ಹಿಟ್ಟಿನಲ್ಲಿ ಎಣ್ಣೆ ದೋಸೆ ಹುಯ್ದುಕೊಂಡು, ವೈನ್ ಹಂಚಿಕೊಂಡು, ಚೀಟಿ ಎತ್ತಿದರು. ತೋಪಿನವನು ಒಂದು ರಾತ್ರಿಯ ಮಟ್ಟಿಗೆ ನೊವಾಯಾ ಝೆಮ್ಲ್ಯಾದ ರಾಜನಾದ.

ಸೂರ್ಯ ಎರಡು ವಾರ ಮೊದಲೇ ಹುಟ್ಟಿದ ಎನ್ನುವುದು ಕಟ್ಟುಕಥೆಯೇ?

ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ನವೆಂಬರ್ ಆರಂಭದಲ್ಲಿ ಮುಳುಗಿದ ಸೂರ್ಯ ಫೆಬ್ರವರಿ ಎರಡನೆಯ ವಾರದ ಹೊತ್ತಿಗೆ ಮರಳಬೇಕು ಎಂದು ಬಾರೆಂಟ್ಸ್‌ನ ಲೆಕ್ಕ. 1597ರ ಜನವರಿ 24ರಂದು ದೆ ವೇರ್, ಹೀಮ್ಸ್‌ಕೆರ್ಕ್ ಮತ್ತು ಇನ್ನೊಬ್ಬ ದಡದಲ್ಲಿ ನಡೆಯುತ್ತಿದ್ದಾಗ ದಿಗಂತದಲ್ಲಿ ಸೂರ್ಯನ ಅಂಚು ಕಂಡಿತು. ಓಡಿಬಂದು ಹೇಳಿದರೆ ಬಾರೆಂಟ್ಸ್ ನಂಬಲಿಲ್ಲ. ನಂಬದೇ ಇದ್ದದ್ದೂ ಸರಿಯೇ; ಅಂದು ಸೂರ್ಯ ದಿಗಂತದ ಕೆಳಗೆ ಸುಮಾರು 5 ಡಿಗ್ರಿಯಲ್ಲಿದ್ದ. ಮೂರು ದಿನದ ಮೇಲೆ ಸೂರ್ಯಬಿಂಬ ಪೂರ್ತಿಯಾಗಿ ಕಂಡಿತು.

ದಿನ ಎಣಿಸುವುದರಲ್ಲೇ ತಪ್ಪಿದ್ದೇವೆಯೇ ಎಂಬ ಅನುಮಾನವೂ ಇತ್ತು. ಅವರ ಬಳಿ ವೆನಿಸ್ ನಗರಕ್ಕೆ ಲೆಕ್ಕ ಹಾಕಿದ ಗ್ರಹಗಳ ಪಂಚಾಂಗವಿತ್ತು. ಚಂದ್ರ ಮತ್ತು ಗುರು ಒಂದಾಗುವ ಹೊತ್ತನ್ನು ಅದರಲ್ಲಿ ನೋಡಿ, ಆಕಾಶದೊಂದಿಗೆ ತಾಳೆ ಹಾಕಿದರು. ದಿನಾಂಕ ಸರಿಯಾಗಿಯೇ ಇತ್ತು.

ದೆ ವೇರ್‌ನ ಪುಸ್ತಕ 1598ರಲ್ಲಿ ಅಚ್ಚಾದಾಗ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ವಿವರಣೆ ಸಿಕ್ಕಿದ್ದು ತುಂಬ ತಡವಾಗಿ. ಬೇಸಿಗೆಯ ಟಾರು ರಸ್ತೆಯಲ್ಲಿ ನಾವು ಕಾಣುವ ಬಿಸಿಲ್ಗುದುರೆಯನ್ನು ನೆನೆಸಿಕೊಳ್ಳಿ. ಅಲ್ಲಿ ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಬೆಳಕು ಮೇಲಕ್ಕೆ ಬಾಗಿ ಆಕಾಶವೇ ನೀರಿನಂತೆ ನೆಲದ ಮೇಲೆ ಕಾಣುತ್ತದೆ. ಧ್ರುವಪ್ರದೇಶದಲ್ಲಿ ತದ್ವಿರುದ್ಧ. ಮಂಜಿನ ಮೇಲೆ ತಂಪು ಗಾಳಿ, ಅದರ ಮೇಲೆ ಬೆಚ್ಚಗಿನ ಪದರ. ಈ ಎರಡರ ನಡುವೆ ಸಿಕ್ಕಿಬಿದ್ದ ಬೆಳಕು ಕೆಳಕ್ಕೆ ಬಾಗುತ್ತ, ಭೂಮಿಯ ಉಬ್ಬನ್ನೇ ಅನುಸರಿಸಿಕೊಂಡು ನೂರಾರು ಕಿಲೋಮೀಟರ್ ಬರುತ್ತದೆ. ಹಾಗಾಗಿ ಇನ್ನೂ ಹುಟ್ಟದ ಸೂರ್ಯ ಕಾಣುತ್ತಾನೆ. ಇದಕ್ಕೆ ವಿಜ್ಞಾನದಲ್ಲಿ ಈಗ 'ನೊವಾಯಾ ಝೆಮ್ಲ್ಯಾ ಪರಿಣಾಮ' ಎಂದೇ ಹೆಸರು. 1915ರಲ್ಲಿ ಅಂಟಾರ್ಕ್ಟಿಕಾದಲ್ಲಿ ಅನ್ವೇಷಕ ಶ್ಯಾಕಲ್‌ಟನ್ ಕೂಡ ಇದನ್ನು ಕಂಡ.

ಕರಡಿಯ ಯಕೃತ್ತು ತಿಂದು ಚರ್ಮ ಸುಲಿಯಿತಂತೆ?

ಹೌದು. 1597ರ ಬೇಸಿಗೆಯ ಮೊದಲಲ್ಲಿ, ಹೊರಡುವುದಕ್ಕೆ ತುಸು ಮುಂಚೆ. ಯಕೃತ್ತಿನ ಅಡುಗೆ ರುಚಿಯಾಗಿತ್ತು, ಆಮೇಲೆ ಎಲ್ಲರೂ ಕಾಯಿಲೆ ಬಿದ್ದರು. ಅವರಲ್ಲಿ ಮೂವರು ಸಾಯುವ ಸ್ಥಿತಿಗೆ ಹೋದರು, ಚೇತರಿಸಿಕೊಂಡಾಗ ತಲೆಯಿಂದ ಕಾಲಿನವರೆಗೆ ಚರ್ಮ ಕಳಚಿ ಬಂತು. ಹಿಮಕರಡಿಯ ಯಕೃತ್ತಿನಲ್ಲಿ ವಿಟಮಿನ್ ಎ ವಿಷದ ಮಟ್ಟದಲ್ಲಿರುತ್ತದೆ ಎಂದು ತಿಳಿದದ್ದು 20ನೇ ಶತಮಾನದಲ್ಲಿ. ಪಾತ್ರೆಯಲ್ಲಿ ಉಳಿದದ್ದನ್ನು ಹೀಮ್ಸ್‌ಕೆರ್ಕ್ ಹೊರಗೆ ಎಸೆದ.

ಬಾರೆಂಟ್ಸ್ ಸತ್ತದ್ದು ಎಲ್ಲಿ? ಸಮಾಧಿ ಇದೆಯೇ?

ಜೂನ್ ಬಂದರೂ ಹಡಗು ಮಂಜಿನಿಂದ ಬಿಡುಗಡೆಯಾಗಲಿಲ್ಲ. ಎರಡು ತೆರೆದ ದೋಣಿಗಳನ್ನು ರಿಪೇರಿ ಮಾಡಿ ಹೊರಟರು. ಹೊರಡುವ ಮುನ್ನ ಬಾರೆಂಟ್ಸ್ ನಡೆದದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಮದ್ದಿನ ಕೊಂಬಿನೊಳಗಿಟ್ಟು ಹೊಗೆಗೂಡಿನಲ್ಲಿ ತೂಗುಹಾಕಿದ. ಅವನಿಗಾಗಲೇ ನಡೆಯಲು ಆಗುತ್ತಿರಲಿಲ್ಲ, ದೋಣಿಯವರೆಗೆ ಎಳೆದುಕೊಂಡು ಹೋಗಬೇಕಾಯಿತು. ಜೂನ್ 20ರಂದು ದೆ ವೇರ್ ಬರೆದ ನಕ್ಷೆಯನ್ನು ನೋಡುತ್ತಿದ್ದ, ಕುಡಿಯಲು ಕೇಳಿದ, ಕುಡಿದ, ಪ್ರಾಣ ಹೋಯಿತು. ಅದೇ ದಿನ ಇನ್ನೊಬ್ಬನೂ ತೀರಿಕೊಂಡ. ಸಮಾಧಿ ಇವತ್ತಿಗೂ ಸಿಕ್ಕಿಲ್ಲ.

ಉಳಿದವರು ಹೇಗೆ ಊರು ಸೇರಿದರು?

ದೋಣಿಯನ್ನು ನೀರಿದ್ದಲ್ಲಿ ಹುಟ್ಟು ಹಾಕಿ, ಮಂಜಿದ್ದಲ್ಲಿ ಎಳೆದು, ಹನ್ನೊಂದು ವಾರ. ಜುಲೈ ಕೊನೆಗೆ ರಷ್ಯನ್ನರ ಎರಡು ದೋಣಿ ಸಿಕ್ಕವು. ಭಾಷೆ ಬಾರದು. ಹಡಗಿಗೆ ರಷ್ಯನ್ನರು ಹೇಳುವ 'ಕರಾಬ್ಲ್' ಎಂಬ ಪದವನ್ನು ಹಿಡಿದುಕೊಂಡು, 'ಕ್ರಾಬ್ಲೆ ಪ್ರೊಪಾಲ್' ಎಂದರು, ಹಡಗು ಹೋಯಿತು. ಅವರು ಹಿಂದಿನ ಭೇಟಿಯ ಗುರುತು ಹಿಡಿದು ರೈ ಬ್ರೆಡ್ ಕೊಟ್ಟರು. ಮತ್ತೆರಡು ದಿನದಲ್ಲಿ ದಡವೊಂದರಲ್ಲಿ ಚಮಚದಾಕಾರದ ಎಲೆಯ ಗಿಡ ಕಂಡಿತು. ಸ್ಕರ್ವಿಗೆ ಅದೇ ಮದ್ದು ಎಂದು ಊರಲ್ಲಿ ಕೇಳಿದ್ದರು, ಮುಷ್ಟಿಗಟ್ಟಲೆ ಕಿತ್ತು ತಿಂದರು, ಚೇತರಿಸಿಕೊಂಡರು.

ಕೋಲಾ ಮುಟ್ಟಿದಾಗ ಅಲ್ಲಿ ಎದುರಾದವನು ಯಾನ್ ರೈಪ್! ಒಂದು ವರ್ಷದ ಹಿಂದೆ ಜಗಳವಾಡಿ ಬೇರೆಯಾಗಿದ್ದವನು. ಇವರೆಲ್ಲ ಸತ್ತೇಹೋದರು ಎಂದುಕೊಂಡಿದ್ದ. ಅವನ ಹಡಗಿನಲ್ಲೇ ಊರಿಗೆ. ನವೆಂಬರ್ 1ರಂದು ಆಮ್‌ಸ್ಟರ್‌ಡಾಮ್ ಬೀದಿಯಲ್ಲಿ 12 ಜನ ಬಿಳಿ ನರಿಯ ಟೋಪಿ ಹಾಕಿಕೊಂಡು ನಡೆದುಬಂದರು.

ಇಷ್ಟೆಲ್ಲ ಪಟ್ಟ ಪಾಡಿನಿಂದ ಡಚ್ಚರಿಗೆ ಸಿಕ್ಕಿದ್ದೇನು?

ಮೆಣಸಿನ ಲೆಕ್ಕದಲ್ಲಿ ಏನೂ ಇಲ್ಲ. ಇವರು ಮರಳುವುದಕ್ಕೆ ಮೂರು ತಿಂಗಳ ಮೊದಲೇ, 1597ರ ಆಗಸ್ಟ್‌ನಲ್ಲಿ, ಕೊರ್ನೆಲಿಸ್ ದೆ ಹೌಟ್‌ಮನ್‌ನ ಹಡಗುಗಳು ಆಫ್ರಿಕಾ ಸುತ್ತಿ ಜಾವಾಕ್ಕೆ ಹೋಗಿ ಬಂದಿದ್ದವು. ಹೆದರಿ ಬಿಟ್ಟಿದ್ದ ದಾರಿಯೇ ನಡೆಯಿತು. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಹೀಮ್ಸ್‌ಕೆರ್ಕ್ ಕೂಡ ಆ ದಾರಿಯಲ್ಲೇ ಪೂರ್ವಕ್ಕೆ ಹೋಗಿ, 1603ರಲ್ಲಿ ಪೋರ್ಚುಗೀಸರ ಸಾಂತಾ ಕತಾರಿನಾ ಹಡಗನ್ನು ಹಿಡಿದ. 1607ರಲ್ಲಿ ಜಿಬ್ರಾಲ್ಟರ್ ಬಳಿ ಸ್ಪೇನಿನವರೊಂದಿಗೆ ಕಾದಾಡುತ್ತ ಸತ್ತ.

ಸ್ಪಿಟ್ಸ್‌ಬರ್ಗನ್ ಮಾತ್ರ ಲಾಭ ತಂದಿತು, ತಿಮಿಂಗಿಲ ಬೇಟೆಯ ರೂಪದಲ್ಲಿ. ಈಗ ಅಲ್ಲಿ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವಿದೆ, 2008ರಿಂದ. ಅದನ್ನು ನಡೆಸುವ ಸಂಸ್ಥೆ ಇರುವುದು ಗೋವಾದಲ್ಲಿ! ಲಿನ್ಸ್‌ಕೋಟೆನ್ ಕಾರಕೂನಿಕೆ ಮಾಡಿದ ಗೋವಾದಿಂದ ಜನ ಬಾರೆಂಟ್ಸ್ ಕಂಡ ಚೂಪು ಬೆಟ್ಟಗಳಿಗೆ ಹೋಗಿಬರುತ್ತಾರೆ.

ಆ ದಾರಿಯಲ್ಲಿ ಕೊನೆಗೂ ಯಾರಾದರೂ ಹೋದರೇ?

1878ರಲ್ಲಿ ಹೊರಟ ಅನ್ವೇಷಕ ನೊರ್ಡೆನ್‌ಶೋಲ್ಡ್‌ನ ವೇಗಾ ಹಡಗು, ಏಷ್ಯಾ ಮತ್ತು ಅಮೆರಿಕದ ನಡುವಿನ ಬೇರಿಂಗ್ ಜಲಸಂಧಿಗೆ ಇನ್ನೇನು ಸ್ವಲ್ಪ ದೂರ ಎನ್ನುವಾಗ ಮಂಜಿಗೆ ಸಿಕ್ಕಿ ಸುಮಾರು ಹತ್ತು ತಿಂಗಳು ನಿಂತಿತು, 1879ರಲ್ಲಿ ಆಚೆ ಹೊರಟಿತು. ಒಂದೇ ಬೇಸಿಗೆಯಲ್ಲಿ ದಾಟಿದ್ದು 1932ರಲ್ಲಿ, ಸೋವಿಯತ್ ಹಡಗು ಸಿಬಿರ್ಯಾಕೋವ್. ಈಗ ಬೇಸಿಗೆಯಲ್ಲಿ ಸರಕು ಹಡಗುಗಳೇ ಓಡಾಡುತ್ತವೆ, ಮಂಜು ಒಡೆಯುವ ಹಡಗುಗಳ ಬೆಂಬಲದಲ್ಲಿ. ಕೆನಡಾದ ಮೇಲೆ ಹಾದುಹೋಗುವ ವಾಯವ್ಯ ದಾರಿ ಇದಲ್ಲ, ಅದು ಬೇರೆಯದೇ ಕಥೆ.

ಆ ಮನೆ ಏನಾಯಿತು?

274 ವರ್ಷ ಅಲ್ಲಿ ಯಾರೂ ಕಾಲಿಡದ ಹಾಗೆ ನಿಂತಿತ್ತು. 1871ರಲ್ಲಿ ನಾರ್ವೆಯ ಎಲ್ಲಿಂಗ್ ಕಾರ್ಲ್‌ಸನ್ ಎಂಬ ಕಪ್ತಾನ ಅಲ್ಲಿಗೆ ಹೋದಾಗ ಮಾಡು ಕುಸಿದಿತ್ತು, ಒಳಗಿನ ಸಾಮಾನು ಮಂಜಿನಲ್ಲಿ ಇದ್ದಂತೆಯೇ ಇತ್ತು. ಪಾತ್ರೆ, ಗಡಿಯಾರ, ಆಯುಧ, ಪುಸ್ತಕ. ಹೊಗೆಗೂಡಿನಲ್ಲಿ ತೂಗಿಸಿದ್ದ ಬಾರೆಂಟ್ಸ್‌ನ ಕಾಗದವನ್ನು 1876ರಲ್ಲಿ ಬಂದ ಇಂಗ್ಲಿಷನೊಬ್ಬ ಕಂಡುಹಿಡಿದ. ಬಹುಪಾಲು ವಸ್ತುಗಳು ಈಗ ಆಮ್‌ಸ್ಟರ್‌ಡಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿವೆ.

ಅವುಗಳಲ್ಲಿ ಒಂದು ಕಾಗದದ ಗಟ್ಟಿಮುದ್ದೆಯಿತ್ತು. ತಾಮ್ರದ ಅಚ್ಚಿನಿಂದ ತೆಗೆದ ಚಿತ್ರಗಳ ಕಟ್ಟು, ಚೀನಾದಲ್ಲಿ ಮಾರಲೆಂದು ಹಡಗಿಗೆ ಹೇರಿದ ಸರಕು. ನೀರು, ಮಂಜು ತಿಂದು ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿತ್ತು. ನಮ್ಮ ಕಾಲದಲ್ಲಿ ಮ್ಯೂಸಿಯಂನವರು ತಾಳ್ಮೆಯಿಂದ ಕೂತು ಅವನ್ನು ಒಂದೊಂದೇ ಬಿಡಿಸಿದರು.